ಹೊಯ್‌ಲೇಕ್‌ನ ಹಳದಿ ಬೋರ್ಡು

ಬುಧವಾರ, 2023ರ ಜುಲೈ 19

ಲಿವರ್‌ಪೂಲ್‌ನಲ್ಲಿ ರೈಲು ಹತ್ತಿದರೆ ಮೊದಲು ಮರ್ಸಿ ನದಿಯ ಕೆಳಗಿನ ಸುರಂಗ. ಕತ್ತಲು ಮುಗಿದ ಮೇಲೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಆಮೇಲೆ ಇದ್ದಕ್ಕಿದ್ದಂತೆ ಬಯಲು. ಹೊಯ್‌ಲೇಕ್ ಸ್ಟೇಷನ್ ಬಂದಾಗ ಅರ್ಧ ಬೋಗಿ ಖಾಲಿಯಾಯಿತು. ನಾನು ಮುಂದಿನ, ಕೊನೆಯ ಸ್ಟೇಷನ್ ವೆಸ್ಟ್ ಕರ್ಬಿಯಲ್ಲಿ ಇಳಿದೆ. ಭಾವ ಅಲ್ಲಿ ಎರಡು ಕೋಣೆ ಹಿಡಿದಿದ್ದರು. ಹೊಯ್‌ಲೇಕ್‌ನಲ್ಲಿ ನಾಲ್ಕು ದಿನ ನಡೆಯುವ ಓಪನ್ ಗಾಲ್ಫ್ ಪಂದ್ಯಕ್ಕೆ ಟಿಕೆಟ್ ಮಾಡಿಸಿದ್ದೂ ಅವರೇ. ಅಕ್ಕನ ಮದುವೆಯಾದ ವರ್ಷದಿಂದಲೂ ಅವರ ಬಾಯಲ್ಲಿ ಗಾಲ್ಫ್ ಕೇಳುತ್ತಲೇ ಬಂದಿದ್ದೇನೆ.

"ಯಾರನ್ನ ನೋಡಬೇಕು ಅಂತ ಬಂದಿದ್ದೀಯ?" ಅಂದರು ಭಾವ, ಬ್ಯಾಗು ಇಳಿಸುವ ಮೊದಲೇ.

"ರೋರಿ ಮೆಕಿಲ್‌ರಾಯ್" ಅಂದೆ. ಅವತ್ತು ಅಲ್ಲಿ ಯಾರನ್ನು ಕೇಳಿದರೂ ಅದೇ ಹೆಸರು ಹೇಳುತ್ತಿದ್ದರು ಅನಿಸುತ್ತದೆ. 2014ರಲ್ಲಿ ಓಪನ್ ಚಾಂಪಿಯನ್‌ಷಿಪ್ ಇದೇ ರಾಯಲ್ ಲಿವರ್‌ಪೂಲ್ ಅಂಗಳದಲ್ಲಿ ನಡೆದಾಗ ಗೆದ್ದವರು ಅವರು. ಮೂರು ದಿನದ ಹಿಂದಷ್ಟೇ ಸ್ಕಾಟಿಷ್ ಓಪನ್ ಗೆದ್ದು ಬಂದಿದ್ದರು.

ಸಂಜೆ ಅಂಗಳ ಸುತ್ತಿದೆವು. ಮೊದಲ ನೋಟಕ್ಕೆ ಇದು ಗಾಲ್ಫ್ ಅಂಗಳ ಅನಿಸುವುದೇ ಇಲ್ಲ. ಮರಗಳಿಲ್ಲ, ಕೊಳಗಳಿಲ್ಲ. ಚಪ್ಪಟೆ ನೆಲ, ಬಿಸಿಲಿಗೆ ಕಂದಿದ ಹುಲ್ಲು, ಒಂದು ಪಕ್ಕದಲ್ಲಿ ಡೀ ನದಿ ಸಮುದ್ರ ಸೇರುವ ಜಾಗ, ಅದರಾಚೆ ವೇಲ್ಸ್‌ನ ಗುಡ್ಡಗಳು. 1869ರಲ್ಲಿ ಕ್ಲಬ್ಬು ಶುರುವಾದಾಗ ಇಲ್ಲಿ ಕುದುರೆ ಓಡಿಸುತ್ತಿದ್ದರಂತೆ. ಗಾಲ್ಫ್‌ನಲ್ಲಿ ಮೊದಲ ಹೊಡೆತದ ಜಾಗದಿಂದ ತೂತಿನವರೆಗಿನ ಒಂದೊಂದು ಪಟ್ಟಿಗೂ ಹೋಲ್ ಅನ್ನುತ್ತಾರೆ. ಆ ರೇಸ್ ಮೈದಾನದ ನೆನಪಿಗೆ ಒಂದು ಹೋಲ್‌ನ ಹೆಸರು ಇವತ್ತಿಗೂ ಕೋರ್ಸ್. ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯ ಗೆದ್ದರಲ್ಲ, ಅದರಲ್ಲಿ ಓಪನ್ ಗೆದ್ದಿದ್ದು ಇದೇ ನೆಲದಲ್ಲಿ.

ಭಾವ ನನ್ನನ್ನು ನೇರ 17ನೇ ಹೋಲ್‌ಗೆ ಕರೆದುಕೊಂಡು ಹೋದರು. ಹೊಸದಾಗಿ ಕಟ್ಟಿದ ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ಬರೀ 136 ಗಜ. ಹೆಸರು ಲಿಟ್ಲ್ ಐ. ಗ್ರೀನ್, ಅಂದರೆ ತೂತಿರುವ ನುಣುಪು ಹುಲ್ಲಿನ ಜಾಗ, ಒಂದು ದಿಬ್ಬದ ನೆತ್ತಿಯ ಮೇಲಿದೆ. ಹಿಂದೆ ಆಕಾಶ, ಸಮುದ್ರ, ಬೇರೇನೂ ಇಲ್ಲ. ಸುತ್ತ ಬಂಕರ್‌ಗಳು, ಅಂದರೆ ಮರಳಿನ ಆಳದ ಗುಂಡಿಗಳು. ಅಭ್ಯಾಸ ಮಾಡುತ್ತಿದ್ದ ಒಬ್ಬ ಆಟಗಾರ ಮೂರು ಚೆಂಡು ಹೊಡೆದರು. ಒಂದು ಗ್ರೀನ್ ಮೇಲೆ ನಿಂತಿತು. ಇನ್ನೆರಡು ಎಡಕ್ಕೊಂದು ಬಲಕ್ಕೊಂದು ಉರುಳಿ ಮರಳು ಸೇರಿದವು. ಇಷ್ಟು ಚಿಕ್ಕ ಹೋಲ್‌ನಲ್ಲಿ ಇಷ್ಟು ಭಯ ಇಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಗುರುವಾರ, ಜುಲೈ 20

ಐದು ಗಂಟೆಗೆ ಎದ್ದು ನಡೆದುಕೊಂಡೇ ಹೋದೆವು. ಮೊದಲ ಹೊಡೆತ 6.35ಕ್ಕೆ. ಅದನ್ನು ಹೊಡೆಯುವ ಗೌರವ ಮ್ಯಾಥ್ಯೂ ಜೋರ್ಡನ್‌ಗೆ ಸಿಕ್ಕಿತ್ತು. ಅವರು ಇದೇ ಕ್ಲಬ್ಬಿನ ಸದಸ್ಯರು, ಇಲ್ಲೇ ಆಡಿ ಬೆಳೆದವರು. ಅರ್ಹತಾ ಸುತ್ತು ದಾಟಿ ಒಳಗೆ ಬಂದಿದ್ದರು. ಅಷ್ಟು ಬೇಗ ಅಷ್ಟು ಜನ! ಟೀ, ಅಂದರೆ ಮೊದಲ ಹೊಡೆತದ ಜಾಗದ ಸುತ್ತ ಐದಾರು ಸಾಲು ದಪ್ಪಕ್ಕೆ ನಿಂತಿದ್ದರು. ಜೋರ್ಡನ್ ಹೆಸರು ಕೂಗಿದಾಗ ಬಂದ ಸದ್ದು ಮನೆಮಗನಿಗೆ ಬರುವಂಥದ್ದು. ಅವರು ತಲೆ ಬಗ್ಗಿಸಿ ಚೆಂಡಿಡುವ ಪುಟ್ಟ ಕಡ್ಡಿ ನೆಟ್ಟರು. ಕೈ ಸ್ವಲ್ಪ ನಡುಗುತ್ತಿತ್ತೇನೋ, ಅದರ ಮೇಲೆ ಚೆಂಡು ಕೂರಿಸಲು ತುಸು ಹೊತ್ತು ಹಿಡಿಯಿತು. ಆಮೇಲೆ ಹೊಡೆದರು. ಅವತ್ತು ಅವರ ಸ್ಕೋರು 69, ಪಾರ್‌ಗಿಂತ ಎರಡು ಕಡಿಮೆ. ಎಲ್ಲ ಹೋಲ್ ಸೇರಿದರೆ ಇಲ್ಲಿ ಪಾರ್ 71. ಅದಕ್ಕಿಂತ ಎಷ್ಟು ಕಡಿಮೆ ಹೊಡೆತದಲ್ಲಿ ಮುಗಿಸುತ್ತೀರೋ ಅಷ್ಟು ಒಳ್ಳೆಯದು.

ನಿಜವಾದ ಸುದ್ದಿ ಬೇರೆ ಕಡೆ ಹುಟ್ಟುತ್ತಿತ್ತು. 18ನೇ ಗ್ರೀನ್ ಪಕ್ಕದಲ್ಲಿ ಓಪನ್‌ನ ಹಳೆಯ ಹಳದಿ ಸ್ಕೋರ್‌ಬೋರ್ಡು ಇದೆ. ಹೆಸರಿನ ಅಕ್ಷರಗಳನ್ನು ಕೈಯಿಂದಲೇ ಜೋಡಿಸುತ್ತಾರೆ. ಬೆಳಗಿನಿಂದಲೇ ಅದರ ತುದಿಯಲ್ಲಿ ಒಂದು ಉದ್ದನೆಯ ಹೆಸರು ಕೂತಿತ್ತು: ಲಾಂಪ್ರೆಕ್ಟ್.

"ಇದ್ಯಾರು ಭಾವ?"

"ಅಮೆಚೂರ್ ಹುಡುಗ, ದುಡ್ಡಿಗೆ ಆಡುವವನಲ್ಲ. ಸೌತ್ ಆಫ್ರಿಕಾ. ಹೋದ ತಿಂಗಳು ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದ."

ಕ್ರಿಸ್ಟೋ ಲಾಂಪ್ರೆಕ್ಟ್, 22 ವರ್ಷ, ಆರು ಅಡಿ ಎಂಟು ಇಂಚು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಓದುತ್ತಿದ್ದ. ದೂರದಿಂದ ನೋಡಿದರೆ ಪಕ್ಕದಲ್ಲಿ ನಡೆಯುವ ದೊಡ್ಡ ಆಟಗಾರರೇ ಮಕ್ಕಳ ಹಾಗೆ ಕಾಣುತ್ತಿದ್ದರು. ಅವನು 66 ಹೊಡೆದ. ದಿನ ಮುಗಿಯುವ ಹೊತ್ತಿಗೆ ಟಾಮಿ ಫ್ಲೀಟ್‌ವುಡ್, ಅರ್ಜೆಂಟೀನಾದ ಎಮಿಲಿಯಾನೊ ಗ್ರಿಯೊ ಕೂಡ 66ಕ್ಕೆ ಬಂದರು. ಮೂವರೂ ಮೇಲೆ. ಓಪನ್‌ನ ಮೊದಲ ಸುತ್ತು ಮುಗಿದಾಗ ಅಮೆಚೂರ್ ಒಬ್ಬ ಮುಂದಿರುವುದು 2011ರಲ್ಲಿ ಟಾಮ್ ಲೂಯಿಸ್ ಆದಮೇಲೆ ಇದೇ ಮೊದಲು. ಬಹುಮಾನದ ಹಣ ಮುಟ್ಟುವಂತಿಲ್ಲ. ಓದುವ ಹುಡುಗ ಬಂದು ಪ್ರಪಂಚದ ಎಲ್ಲ ಘಟಾನುಘಟಿಗಳ ಮೇಲೆ ಹೆಸರು ಹಾಕಿಸಿಕೊಂಡ. ಗಾಲ್ಫ್‌ನಲ್ಲಿ ಇದಕ್ಕಿಂತ ಚೆಂದ ಇನ್ನೇನಿದೆ ಹೇಳಿ?

ಮಧ್ಯಾಹ್ನ ಬಂಕರ್‌ಗಳ ಬಗ್ಗೆಯೇ ಮಾತು. ಇಲ್ಲಿನ ಬಂಕರ್‌ಗಳಿಗೆ ಹುಲ್ಲಿನ ಹೆಂಟೆ ಪೇರಿಸಿ ಕಟ್ಟಿದ ನೇರ ಗೋಡೆ. ತಳ ಸಪಾಟು. ಚೆಂಡು ಒಳಗೆ ಬಿದ್ದರೆ ನಡುವೆ ನಿಲ್ಲುವುದಿಲ್ಲ, ಉರುಳಿ ಗೋಡೆಗೆ ಅಂಟಿಕೊಳ್ಳುತ್ತದೆ. ನಾನು ನಿಂತಿದ್ದ ಕಡೆಯೇ ಒಂದು ಚೆಂಡು ಹೀಗೆ ಗೋಡೆಯಿಂದ ಒಂದು ಗೇಣು ದೂರದಲ್ಲಿ ಕೂತಿತು. ಆಟಗಾರ ಒಂದು ಮೊಣಕಾಲು ಹೊರಗಿನ ಹುಲ್ಲಿಗೆ ಊರಿ, ಇನ್ನೊಂದು ಕಾಲು ಮರಳಿನಲ್ಲಿ ಇಟ್ಟು, ಬಂದ ದಾರಿಗೇ ವಾಪಸ್ ಹೊಡೆದರು. ಮುಂದಕ್ಕೆ ದಾರಿಯೇ ಇರಲಿಲ್ಲ. ಮಾರನೇ ದಿನ ಬಂಕರ್ ತಳಕ್ಕೆ ಅಂಚಿನ ಕಡೆ ಸ್ವಲ್ಪ ಏರು ಕೊಟ್ಟು ಮರಳು ಸರಿಮಾಡಿದ್ದರು. ಒಳ್ಳೆಯ ಕೆಲಸ ಅಂತ ನನಗನಿಸಿತು. ಕಷ್ಟ ಇರಲಿ, ಆದರೆ ಬರೀ ದುರದೃಷ್ಟವೇ ಆಟ ಆಗಬಾರದು.

18ನೇ ಹೋಲ್ 609 ಗಜದ ಪಾರ್ 5. ಬಲಕ್ಕೆ ಅಂಗಳದ ಒಳಗೇ ಒಂದು ಗಡಿ ಇದೆ. ಅದನ್ನು ದಾಟಿದರೆ ದಂಡ. ಎರಡು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಪಂದ್ಯಗಳು) ಗೆದ್ದ ಜಸ್ಟಿನ್ ಥಾಮಸ್ ಅಲ್ಲಿ 9 ಹೊಡೆದು ದಿನವನ್ನು 82ಕ್ಕೆ ಮುಗಿಸಿದರು. ಸ್ಟ್ಯಾಂಡಿನಲ್ಲಿ ಯಾರೂ ಮಾತಾಡಲಿಲ್ಲ. ಅವರು ಟೋಪಿ ತೆಗೆದು ಎಲ್ಲರ ಕೈ ಕುಲುಕಿದರು. ನನಗೆ ನಿಜಕ್ಕೂ ಬೇಜಾರಾಯಿತು.

ಶುಕ್ರವಾರ, ಜುಲೈ 21

ಬೋರ್ಡಿನ ಮೇಲೆ ನಿನ್ನೆಯೇ ಇದ್ದ ಒಂದು ಹೆಸರನ್ನು ನಾನು ಗಮನಿಸಿರಲಿಲ್ಲ. ಹಾರ್ಮನ್, 67. ಮುಂದಿದ್ದವರಿಗಿಂತ ಒಂದೇ ಹೊಡೆತ ಹಿಂದೆ.

ಬ್ರಯಾನ್ ಹಾರ್ಮನ್ ಅಮೆರಿಕದ ಜಾರ್ಜಿಯಾದವರು, ವಯಸ್ಸು 36, ಎತ್ತರ ಐದು ಅಡಿ ಏಳು ಇಂಚು. ಎಡಗೈ ಆಟಗಾರ. 2014ರಲ್ಲಿ ಒಂದು, 2017ರಲ್ಲಿ ಒಂದು ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಸರಣಿ) ಪಂದ್ಯ ಗೆದ್ದಿದ್ದರು, ಆಮೇಲೆ ಆರು ವರ್ಷ ಏನೂ ಇಲ್ಲ. 2017ರ ಯುಎಸ್ ಓಪನ್‌ನಲ್ಲಿ ಮೂರು ದಿನ ಮುಗಿದಾಗ ಮುಂದಿದ್ದು ಕೊನೆಗೆ ಎರಡನೇ ಸ್ಥಾನಕ್ಕೆ ಜಾರಿದ್ದರು. ಅವರ ಹಿಂದೆ ನಡೆಯಲು ಜನವೇ ಇರಲಿಲ್ಲ. ಹಗ್ಗದ ಪಕ್ಕದಲ್ಲೇ ಆರಾಮಾಗಿ ನಿಲ್ಲಲು ಜಾಗ ಸಿಕ್ಕಿತು.

ಎರಡು, ಮೂರು, ನಾಲ್ಕು, ಐದು. ನಾಲ್ಕು ಹೋಲ್‌ನಲ್ಲೂ ಬರ್ಡಿ. ಅಂದರೆ ಸಾಲಾಗಿ ನಾಲ್ಕು ಹೋಲ್ ಒಂದೊಂದು ಹೊಡೆತ ಉಳಿಸಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಹೊಡೆಯುವ ಮೊದಲು ಕ್ಲಬ್ಬನ್ನು ಚೆಂಡಿನ ಹಿಂದೆ ಸುಮ್ನೆ ಅಲ್ಲಾಡಿಸುತ್ತಾರೆ. ಒಂದು, ಎರಡು, ಮೂರು... ಏಳು, ಎಂಟು. ಒಂದು ಸಲ ಹನ್ನೆರಡು ಎಣಿಸಿದೆ. ಪಕ್ಕದಲ್ಲಿದ್ದ ಕೆಲವರಿಗೆ ತಾಳ್ಮೆ ತಪ್ಪುತ್ತಿತ್ತು. ನನಗೆ ಹಾಗನಿಸಲಿಲ್ಲ. ಬಾವಿಗೆ ಕೊಡ ಇಳಿಸುವವರು ಹಗ್ಗವನ್ನು ಕೈಗೆ ಸರಿಯಾಗಿ ಸುತ್ತಿಕೊಳ್ಳುತ್ತಾರಲ್ಲ, ಅಂಥ ಕೆಲಸ ಅದು. ಸರಿಹೋಯಿತು ಅನಿಸಿದ ಕ್ಷಣಕ್ಕೆ ಹೊಡೆತ. ಆಮೇಲೆ ತಿರುಗಿ ನೋಡದೆ ನಡಿಗೆ.

ಐದರ ನಂತರ ಹನ್ನೆರಡು ಹೋಲ್ ಬರೀ ಪಾರ್. ಕೊನೆಗೆ 18ರಲ್ಲಿ ಈಗಲ್, ಅಂದರೆ ಪಾರ್‌ಗಿಂತ ಎರಡು ಕಡಿಮೆ. 65. ಹಳದಿ ಬೋರ್ಡಿನಲ್ಲಿ ಹಾರ್ಮನ್ ಮೈನಸ್ 10, ಅಂದರೆ ಎರಡು ದಿನ ಸೇರಿ ಪಾರ್‌ಗಿಂತ ಹತ್ತು ಕಡಿಮೆ. ಎರಡನೆಯ ಫ್ಲೀಟ್‌ವುಡ್ ಮೈನಸ್ 5. ಎರಡೇ ದಿನಕ್ಕೆ ಐದು ಹೊಡೆತದ ಅಂತರ!

ಅವತ್ತು ನನ್ನ ಎದೆ ಹಿಗ್ಗಿಸಿದ ಹೆಸರು ಇನ್ನೊಂದಿತ್ತು. ಮೈನಸ್ 3ರಲ್ಲಿ ಭಾರತದ ಶುಭಂಕರ್ ಶರ್ಮಾ. ಗುರುವಾರ 68, ಶುಕ್ರವಾರ 71. ಮೆಕಿಲ್‌ರಾಯ್ ಅವರಿಗಿಂತ ಕೆಳಗಿದ್ದರು. ಭಾವ ಬೋರ್ಡಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದರು. ಓಪನ್‌ನಲ್ಲಿ ಭಾರತದ ಆಟಗಾರರು ಮುಟ್ಟಿದ ಎತ್ತರ ಅಂದರೆ 2004ರಲ್ಲಿ ಜ್ಯೋತಿ ರಾಂಧವಾ ಅವರ 27ನೇ ಸ್ಥಾನ. ಅಲ್ಲಿಂದ ಹತ್ತೊಂಬತ್ತು ವರ್ಷ ಆಗಿತ್ತು. "ಇನ್ನೂ ಎರಡು ದಿನ ಇದೆ, ಸುಮ್ನಿರು" ಅಂದರು ಭಾವ. ಹಾಗಂದವರೇ ರಾತ್ರಿ ಹತ್ತು ಗಂಟೆಗೆ ಮತ್ತೆ ಸ್ಕೋರು ತೆಗೆದು ನೋಡುತ್ತಿದ್ದರು.

ಎರಡು ದಿನದ ಮೇಲೆ ಯಾರು ಉಳಿಯುತ್ತಾರೆ ಅಂತ ಹೇಳುವ ಗೆರೆ ಕಟ್. ಅದು ಪ್ಲಸ್ 3ಕ್ಕೆ, ಅಂದರೆ ಪಾರ್‌ಗಿಂತ ಮೂರು ಹೆಚ್ಚಿಗೆ ಬಿತ್ತು. ಜಸ್ಟಿನ್ ಥಾಮಸ್, ಡಸ್ಟಿನ್ ಜಾನ್ಸನ್, ಕಾಲಿನ್ ಮೊರಿಕಾವಾ ಎಲ್ಲರೂ ಮನೆಗೆ. ಲಾಂಪ್ರೆಕ್ಟ್ ಎರಡನೇ ದಿನ 79 ಹೊಡೆದು ಸರಿಯಾಗಿ ಗೆರೆಯ ಮೇಲೆ ನಿಂತ. 66ರ ಮಾರನೇ ದಿನ 79 ನೋಡಿದರೆ ಯಾರಿಗಾದರೂ ಕುಸಿದ ಅನಿಸುತ್ತದೆ. ಆದರೆ ಉಳಿದಿದ್ದು ಮುಖ್ಯ. ಕಟ್ ದಾಟಿದ ಅಮೆಚೂರ್ ಅವನೊಬ್ಬನೇ. ಅಂದರೆ ಉತ್ತಮ ಅಮೆಚೂರ್‌ಗೆ ಕೊಡುವ ಬೆಳ್ಳಿ ಪದಕ ಅವತ್ತೇ ಅವನದಾಯಿತು.

ಶನಿವಾರ, ಜುಲೈ 22

ಬೆಳಿಗ್ಗೆ ಜಿಟಿಜಿಟಿ ಮಳೆ. ನಾವು ಹೋಗಿ ಲಿಟ್ಲ್ ಐ ಪಕ್ಕದ ಸ್ಟ್ಯಾಂಡಿನಲ್ಲಿ ಕೂತೆವು. ಕಟ್ ಅಂಚಿನಲ್ಲಿ ದಾಟಿದವರು ಮೊದಲು ಬರುತ್ತಾರೆ. ನೋಡುವವರು ಕಡಿಮೆ. ಆಸ್ಟ್ರೇಲಿಯಾದ ಟ್ರಾವಿಸ್ ಸ್ಮಿತ್ ಟೀ ಮೇಲೆ ನಿಂತರು. ಹೊಡೆದರು. ಚೆಂಡು ಗ್ರೀನ್ ಮೇಲೆ ಬಿದ್ದಿದ್ದು ಕಂಡಿತು, ಉರುಳಿದ್ದು ಕಂಡಿತು. ತೂತು ನಮ್ಮ ಕಡೆಯಿಂದ ಕಾಣುತ್ತಿರಲಿಲ್ಲ. ಎದುರಿನವರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಆಮೇಲೆ ಸದ್ದು ಬಂತು. ಹೋಲ್ ಇನ್ ಒನ್! ಬುಧವಾರ ಮೂರರಲ್ಲಿ ಎರಡು ಚೆಂಡು ನುಂಗಿದ ಅದೇ ಹೋಲ್‌ನಲ್ಲಿ ಒಂದೇ ಹೊಡೆತ. ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. ನಾನೂ ಅವರ ಕೈ ಹಿಡಿದುಕೊಂಡೆ. ನಾವಿಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಜಾನ್ ರಾಮ್ 63 ಹೊಡೆದರು. ಈ ಅಂಗಳದಲ್ಲಿ ಓಪನ್ ಆಡಿದ ಯಾರೂ ಅಷ್ಟು ಕಡಿಮೆಗೆ ಮುಗಿಸಿರಲಿಲ್ಲ. ಅವರು ಆ ವರ್ಷ ಮಾಸ್ಟರ್ಸ್ ಗೆದ್ದವರು, ಹಾಗಾಗಿ ಅದನ್ನು ನಾನು ಅಚ್ಚರಿಯ ಲೆಕ್ಕಕ್ಕೆ ಹಾಕುವುದಿಲ್ಲ. ಅಚ್ಚರಿ ಅಂದರೆ ಅಲೆಕ್ಸ್ ಫಿಟ್ಜ್‌ಪ್ಯಾಟ್ರಿಕ್. ಅಣ್ಣ ಮ್ಯಾಟ್ 2022ರ ಯುಎಸ್ ಓಪನ್ ಗೆದ್ದವರು. ತಮ್ಮನಿಗೆ ಇದು ಮೊದಲ ಮೇಜರ್. ಆ ತಮ್ಮ ಶನಿವಾರ 65 ಹೊಡೆದು ಕೊನೆಗೆ 17ನೇ ಸ್ಥಾನದಲ್ಲಿ ನಿಂತರು, ಅಣ್ಣನಿಗಿಂತ ಮೇಲೆ. ಮನೆಯಲ್ಲಿ ಒಬ್ಬರು ದೊಡ್ಡ ಹೆಸರು ಮಾಡಿದರೆ ಇನ್ನೊಬ್ಬರು ಹೇಗೆ ತಲೆ ಎತ್ತಬೇಕು ಅಂತ ಎಷ್ಟೋ ತಮ್ಮಂದಿರಿಗೆ ಗೊತ್ತಿರುತ್ತದೆ, ಅಲ್ವಾ? ಆ ಹುಡುಗ ನಗುತ್ತಾ ನಡೆಯುತ್ತಿದ್ದುದು ನನಗೆ ತುಂಬಾ ಹಿಡಿಸಿತು.

ಹಾರ್ಮನ್ ಕೊನೆಗೆ ಹೊರಟರು, ಫ್ಲೀಟ್‌ವುಡ್ ಜೊತೆ. ಫ್ಲೀಟ್‌ವುಡ್ ಹತ್ತಿರದ ಸೌತ್‌ಪೋರ್ಟ್‌ನವರು. ಜನ ಪೂರ್ತಿ ಅವರ ಕಡೆ. ಹಾರ್ಮನ್ ಒಂದನೇ ಹೋಲ್‌ನಲ್ಲಿ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚು. ನಾಲ್ಕರಲ್ಲಿ ಮತ್ತೊಂದು ಬೋಗಿ. ಸದ್ದು ಜಾಸ್ತಿಯಾಯಿತು. ನಿನಗೆ ಇದಕ್ಕೆ ಬೇಕಾದ ಗುಂಡಿಗೆ ಇಲ್ಲ ಅಂತ ಒಬ್ಬ ಅವರನ್ನು ಹಂಗಿಸಿದ್ದನ್ನು ಆಮೇಲೆ ಅವರೇ ಪತ್ರಕರ್ತರಿಗೆ ಹೇಳಿದರು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಓದಿದಾಗ ಸಿಟ್ಟು ಬಂತು. ಸ್ವಂತ ಊರಿನವರಿಗೆ ಚಪ್ಪಾಳೆ ತಟ್ಟಲಿ, ಬೇಡ ಅನ್ನುವುದಿಲ್ಲ. ಒಬ್ಬಂಟಿಯಾಗಿ ಚೆಂಡಿನ ಮುಂದೆ ನಿಂತವರನ್ನು ಹಂಗಿಸುವುದು ತಪ್ಪು.

ಹಾರ್ಮನ್ ಐದರಲ್ಲಿ ಬರ್ಡಿ ಮಾಡಿದರು. ಒಂಬತ್ತರಲ್ಲಿ, ಹನ್ನೆರಡರಲ್ಲಿ, ಹದಿಮೂರರಲ್ಲಿ ಮತ್ತೆ ಮಾಡಿದರು. 69. ಅಂತರ ಐದು ಇದ್ದದ್ದು ಐದೇ ಉಳಿಯಿತು. ಬದಲಾಗಿದ್ದು ಎರಡನೆಯವರ ಹೆಸರು ಮಾತ್ರ. ಈಗ ಕ್ಯಾಮರಾನ್ ಯಂಗ್. ಶರ್ಮಾ 70 ಹೊಡೆದು ಮೈನಸ್ 4.

ಭಾನುವಾರ, ಜುಲೈ 23

ಬೆಳಗಿನಿಂದ ಸಂಜೆವರೆಗೆ ಮಳೆ. ಎಂಥ ಮಳೆ ಅಂದರೆ ಡೀ ನದಿಯೂ ವೇಲ್ಸ್ ಗುಡ್ಡವೂ ಅಳಿಸಿಹೋಗಿದ್ದವು. ನನ್ನ ಶೂ ಹತ್ತು ಗಂಟೆಗೇ ನೆಂದು ಭಾರವಾಯಿತು. ಆಟಗಾರರ ಚೀಲ ಹೊರುವ ಕ್ಯಾಡಿಗಳು ಛತ್ರಿಯ ಕಡ್ಡಿಗಳಿಗೆ ಒಳಗಿನಿಂದ ಟವೆಲ್ ಸಿಕ್ಕಿಸಿದ್ದರು. ಪ್ರತಿ ಹೊಡೆತಕ್ಕೂ ಮುಂಚೆ ಕ್ಲಬ್ಬಿನ ಹಿಡಿ ಒರೆಸಬೇಕು, ಕೈ ಒರೆಸಬೇಕು, ಮತ್ತೆ ಕ್ಲಬ್ಬು ಒರೆಸಬೇಕು. ಹಿಡಿ ಜಾರಿದರೆ ಮುಗಿಯಿತು.

ನಾವು ಮೊದಲು ಶರ್ಮಾ ಹಿಂದೆ ನಡೆದೆವು. ಇಂಥ ದಿನ ಅವಸರ ಮಾಡುವವರು ಕೆಡುತ್ತಾರೆ. ಅವರು ಮಾಡಲಿಲ್ಲ. ಸಿಕ್ಕ ಕಡೆ ಗ್ರೀನ್ ನಡುವಿಗೆ ಹೊಡೆದು, ಎರಡು ಪಟ್‌ನಲ್ಲಿ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮುಗಿಸಿ, ಮುಂದಿನ ಟೀಗೆ. ನೋಡುವವರಿಗೆ ಇದು ದೊಡ್ಡದಾಗಿ ಕಾಣುವುದಿಲ್ಲ. ಆದರೆ ಸುತ್ತಲಿನವರ ಸ್ಕೋರು ಮಳೆಗೆ ಕರಗುತ್ತಿದ್ದಾಗ ಅವರದು ಕರಗಲಿಲ್ಲ. ಮತ್ತೊಂದು 70, ಒಟ್ಟು ಮೈನಸ್ 5, ಜಂಟಿ ಎಂಟನೇ ಸ್ಥಾನ. ಓಪನ್‌ನಲ್ಲಿ ಭಾರತೀಯರೊಬ್ಬರ ಅತ್ಯುತ್ತಮ ಸಾಧನೆ. ಮೊದಲ ಹತ್ತರಲ್ಲಿ ಬಂದಿದ್ದರಿಂದ ಮುಂದಿನ ವರ್ಷದ ಓಪನ್‌ಗೂ ಜಾಗ ಸಿಕ್ಕಿತು. ಅವರು ಕೊನೆಯ ಗ್ರೀನ್‌ನಿಂದ ಇಳಿದಾಗ ಭಾವ ಛತ್ರಿ ಕೆಳಗಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. ತಲೆಯಿಂದ ನೀರು ಸುರಿಯುತ್ತಿತ್ತು. "ನೋಡಿದ್ಯಾ? ನೋಡಿದ್ಯಾ?" ಅಂತ ಎರಡು ಸಲ ಕೇಳಿದರು. ಭಾವನ ಗಂಟಲು ಕಟ್ಟಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಜೋರ್ಡನ್ ಮೈನಸ್ 4ರಲ್ಲಿ ಮುಗಿಸಿ ಜಂಟಿ ಹತ್ತನೇ ಸ್ಥಾನ ಪಡೆದರು. ಗುರುವಾರ ಬೆಳಗಿನ ಆ ಐದಾರು ಸಾಲು ಜನ ಈಗ 18ರ ಉದ್ದಕ್ಕೂ ಹರಡಿಕೊಂಡಿದ್ದರು. ಮನೆಯ ಅಂಗಳದಲ್ಲಿ, ಮನೆಯವರ ಮುಂದೆ, ನಾಲ್ಕು ದಿನ ಅಷ್ಟು ನಿರೀಕ್ಷೆ ಹೊತ್ತು ಆಡುವುದು ಸುಲಭದ ಮಾತಲ್ಲ.

ಟಾಮ್ ಕಿಮ್ ಕಥೆಯೂ ಇದೆ. ಗುರುವಾರ ಆಟ ಮುಗಿಸಿ ಹೋದವರು ಉಳಿದುಕೊಂಡಿದ್ದ ಮನೆಯಲ್ಲಿ ಜಾರಿ ಪಾದದ ಗಂಟು ಉಳುಕಿಸಿಕೊಂಡಿದ್ದರು. ಕುಂಟುತ್ತಲೇ ಆಡಿ ಭಾನುವಾರ 67 ಹೊಡೆದರು. ಕೊನೆಗೆ ರಾಮ್, ಜೇಸನ್ ಡೇ, ಸೆಪ್ ಸ್ಟ್ರಾಕಾ ಜೊತೆ ಜಂಟಿ ಎರಡನೇ ಸ್ಥಾನ.

ಈಗ ಹಾರ್ಮನ್. ಎರಡರಲ್ಲಿ ಬೋಗಿ. ಐದರಲ್ಲಿ ಚೆಂಡು ಮುಳ್ಳುಪೊದೆಗೆ ಹೋಯಿತು, ದಂಡ ಕಟ್ಟಿ ಹೊರಗೆ ತೆಗೆದು ಮತ್ತೊಂದು ಬೋಗಿ. ಅಂತರ ಮೂರಕ್ಕೆ ಇಳಿಯಿತು. ನನ್ನ ಸುತ್ತ ಜನ ಬೋರ್ಡಿನ ಕಡೆ ತಿರುಗಿ ತಿರುಗಿ ನೋಡತೊಡಗಿದರು. ಆರನೆಯದರಲ್ಲಿ ಅವರು ಉದ್ದದ ಪಟ್ ಒಂದಕ್ಕೆ ನಿಂತರು. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಸಿ ಹುಲ್ಲಿನ ಮೇಲೆ ಚೆಂಡು ಹಿಂದೆ ಒಂದು ಗೆರೆ ಎಳೆಯುತ್ತಾ ಹೋಯಿತು. ಆ ಗೆರೆ ತೂತಿನವರೆಗೂ ನೇರ ಇತ್ತು. ಏಳರಲ್ಲಿ ಇನ್ನೊಂದು ಬರ್ಡಿ. ಹದಿಮೂರರಲ್ಲಿ ತಪ್ಪಿದರೆ ಹದಿನಾಲ್ಕು, ಹದಿನೈದರಲ್ಲಿ ಬರ್ಡಿ ಮಾಡಿ ವಾಪಸ್ ಪಡೆದರು. 70. ಒಟ್ಟು 271, ಮೈನಸ್ 13, ಆರು ಹೊಡೆತದ ಗೆಲುವು.

ಪೈಪೋಟಿ ಇರಲಿಲ್ಲ, ಸಪ್ಪೆಯಾಗಿತ್ತು ಅಂತ ಸ್ಟ್ಯಾಂಡಿನಲ್ಲಿ ಕೆಲವರು ಗೊಣಗಿದರು. ನಾನು ಒಪ್ಪುವುದಿಲ್ಲ. ಹತ್ತು ಅಡಿಯೊಳಗಿನ ಪಟ್‌ಗಳು ಅವರಿಗೆ ನಾಲ್ಕು ದಿನದಲ್ಲಿ 59 ಸಿಕ್ಕವು, 58 ಒಳಗೆ ಹೋದವು. ನಾಲ್ಕು ಅಡಿಯ ಪಟ್ ಎಷ್ಟು ಹೆದರಿಸುತ್ತದೆ ಅಂತ ಒಮ್ಮೆಯಾದರೂ ಕ್ಲಬ್ಬು ಹಿಡಿದವರಿಗೆ ಗೊತ್ತು. ಗಾಳಿಯಲ್ಲಿ, ಮಳೆಯಲ್ಲಿ, ತಮ್ಮನ್ನು ಬೇಡ ಅನ್ನುವ ಜನರ ನಡುವೆ 58. ದೂರ ಹೊಡೆಯುವವರನ್ನೇ ಎಲ್ಲರೂ ಹೊಗಳುವ ಕಾಲದಲ್ಲಿ ಇವರು ಚಿಕ್ಕ ಹೊಡೆತದಿಂದ ಗೆದ್ದರು. ಬಾಬ್ ಚಾರ್ಲ್ಸ್ 1963ರಲ್ಲಿ, ಫಿಲ್ ಮಿಕಲ್ಸನ್ 2013ರಲ್ಲಿ ಗೆದ್ದಮೇಲೆ ಓಪನ್ ಗೆದ್ದ ಮೂರನೇ ಎಡಗೈ ಆಟಗಾರ ಇವರು.

ಓಪನ್‌ನ ಟ್ರೋಫಿ ಕ್ಲಾರೆಟ್ ಜಗ್ ಕೈಗೆ ಕೊಟ್ಟಾಗಲೂ ಮಳೆ ನಿಂತಿರಲಿಲ್ಲ. ಆದರೆ ಚಪ್ಪಾಳೆ ಮಾತ್ರ ಮನಸಾರೆ ಬಂತು. ಶನಿವಾರದ ಜನವೇ ಇವರು ಅಂತ ನಂಬುವುದು ಕಷ್ಟವಾಯಿತು. ಬೆಳ್ಳಿ ಪದಕಕ್ಕೆ ಲಾಂಪ್ರೆಕ್ಟ್ ಹೆಸರು ಕೂಗಿದರು. ಅವನ ಪಕ್ಕದಲ್ಲಿ ಹಾರ್ಮನ್ ಹೆಗಲಿನವರೆಗೂ ಬರುತ್ತಿರಲಿಲ್ಲವೇನೋ.

ಸೋಮವಾರ, ಜುಲೈ 24

ರೈಲಿಗೆ ಇನ್ನೂ ಹೊತ್ತಿತ್ತು. ಬೆಳಿಗ್ಗೆ ನೀರು ಇಳಿದಿದ್ದರಿಂದ ವೆಸ್ಟ್ ಕರ್ಬಿ ದಡದಿಂದ ಮರಳಿನ ಮೇಲೆ ನಡೆದು ಹೊರಟೆವು. ಹಿಲ್ಬ್ರಿ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ಒಂದು ಪುಟ್ಟ ಬಂಡೆ ದಿಬ್ಬ. ಅದೇ ನಿಜವಾದ ಲಿಟ್ಲ್ ಐ. 17ನೇ ಹೋಲ್‌ಗೆ ಹೆಸರು ಬಂದಿದ್ದು ಇದರಿಂದ. ಮರಳಿನ ತುಂಬಾ ಸಣ್ಣ ಸಣ್ಣ ಹುಳುಗಳು ಕಕ್ಕಿದ ಸುರುಳಿ, ಹಕ್ಕಿಗಳ ಹೆಜ್ಜೆ. ಶೂ ಇನ್ನೂ ಒಣಗಿರಲಿಲ್ಲ, ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ.

ದಿಬ್ಬದ ಮೇಲೆ ನಿಂತು ತಿರುಗಿದರೆ ದೂರದಲ್ಲಿ ಅಂಗಳದ ಸ್ಟ್ಯಾಂಡುಗಳ ಮೇಲ್ತುದಿ. "ಮೆಕಿಲ್‌ರಾಯ್ ಎಷ್ಟನೇ ಸ್ಥಾನಕ್ಕೆ ಬಂದರು?" ಅಂತ ಭಾವ ಕೇಳಿದರು. ಜಂಟಿ ಆರನೇ ಸ್ಥಾನ. ನೆನಪಾಗಲಿಲ್ಲ, ಫೋನ್ ತೆಗೆದು ನೋಡಿ ಹೇಳಿದೆ. ಅವರ ಹಿಂದೆ ನಾವು ಒಂದು ಹೋಲ್ ಕೂಡ ಪೂರ್ತಿ ನಡೆದಿರಲಿಲ್ಲ. ಭಾವ ಆಗಲೇ ಮರಳಿಗೆ ಇಳಿದಿದ್ದರು. ನೀರು ವಾಪಸ್ ಬರುವ ಮುಂಚೆ ದಡ ಸೇರಬೇಕಿತ್ತು.